ಓಗೊಡದ ಜೋಸ್ಲೀನ್ ಫೆವ್ರಿಯೆ

ಜೋಸ್ಲೀನ್ ಕುಣಿಯುವಾಗ ಪಾದ ನೆಲ ಬಿಡುತ್ತಿರಲಿಲ್ಲ. ಸೊಂಟ ತಿರುಗುತ್ತಿತ್ತು, ಭುಜ ಅಲುಗುತ್ತಿತ್ತು, ಮೊಣಕಾಲು ಬಾಗುತ್ತಿತ್ತು. ಪಾದ ಮಾತ್ರ ಸಗಣಿ ಸಾರಿಸುವ ಕೈಯಂತೆ ನೆಲ ಉಜ್ಜಿಕೊಂಡೇ ಸರಿಯುತ್ತಿತ್ತು. ಮೊದಲ ಸಲ ನೋಡಿದಾಗ ಕಾಲಿಗೆ ಪೆಟ್ಟಾಗಿದೆ ಅಂದುಕೊಂಡೆ. ಕೇಳಿಯೂ ಬಿಟ್ಟೆ.

"ಕಾಲು ನೆಟ್ಟಗದ ಅಜ್ಜಿ, ನಮ್ಮ ಕುಣಿತಾನ ಹಿಂಗ" ಅಂದಳು. "ಹಿಂದಕ ನಮ್ಮೋರ ಕಾಲಿಗೆ ಸರಪಳಿ ಇತ್ತು, ಅದಕ್ಕ ಅಂತಾರ ಕೆಲವರು. ಸಮುದ್ರದ ಮರಳಿನ ಮ್ಯಾಲೆ ಕುಣೀತಿದ್ರು, ಅದಕ್ಕ ಅಂತಾರ ಇನ್ನ ಕೆಲವರು. ನಮ್ಮಜ್ಜಿ ಏನಂತಿದ್ಲು ಗೊತ್ತದ? ಹಗಲೆಲ್ಲ ಕಬ್ಬು ಕಡದೋರಿಗೆ ಕಾಲು ಎತ್ತೂ ಕಸುವು ಎಲ್ಲಿತ್ತು ಅಂತ."

ಇದು ಅವಳ ಬಾಯಿಂದ ಬಂದ ಕನ್ನಡವಲ್ಲ. ಅವಳು ಮಾರಿಷಸ್ ದ್ವೀಪದವಳು, ನಾನು ಹಳಿಯಾಳದವಳು. ನಮ್ಮಿಬ್ಬರ ನಡುವೆ ಇದ್ದದ್ದು ಮುರುಕು ಹಿಂದಿ, ಅದರಲ್ಲಿ ಒಂದಿಷ್ಟು ಅರಬ್ಬಿ ಚೂರು. ನನಗೆ ತಿಳಿದ ಹಾಗೆ ನನ್ನ ಮಾತಲ್ಲಿ ಬರೆಯುತ್ತಿದ್ದೇನೆ. ನಾನು ಶಾಲೆ ಬಿಟ್ಟದ್ದು ನಾಲ್ಕನೇ ಇಯತ್ತೆಗೆ, ಇದಕ್ಕಿಂತ ಚಂದ ಬರೆಯಲು ಬರುವುದಿಲ್ಲ.

ತೊಂಬತ್ತರ ದಶಕದ ನಡುವೆ ಮಗಳು ಶೋಭಾಳ ಬಾಣಂತನಕ್ಕೆ ಅಂತ ಕತಾರಿಗೆ ಹೋದವಳು ಮೊಮ್ಮಗ ಓಡಾಡುವ ತನಕ ಅಲ್ಲೇ ಉಳಿದೆ. ಅಳಿಯ ಮಹಾಂತೇಶನಿಗೆ ದುಖಾನ್ ಅನ್ನುವ ಊರಿನ ಎಣ್ಣೆ ಕಂಪನಿಯಲ್ಲಿ ಕೆಲಸ. ಸಾಲು ಮನೆಗಳು, ಆಚೆ ಬರೀ ಮರಳು, ದೂರದಲ್ಲಿ ಗ್ಯಾಸು ಉರಿಯುವ ಚಿಮಣಿ. ಪಕ್ಕದ ದೊಡ್ಡ ಮನೆಯಲ್ಲಿ ಅಳಿಯನ ಮೇಲಿನ ಸಾಹೇಬರು. ಅವರೂ ನಮ್ಮ ದೇಶದವರೇ, ಉತ್ತರದ ಕಡೆಯವರು. ಅವರ ಮನೆಗೆ ಕೆಲಸಕ್ಕೆ ಬಂದವಳು ಜೋಸ್ಲೀನ್.

ಆ ಮನೆಯ ಮೇಡಂ ಒಂದು ರೂಢಿ ಇಟ್ಟುಕೊಂಡಿದ್ದಳು. ಹಿಂದೆ ಇದ್ದ ಕೆಲಸದವಳು ಲೀಲಾ. ಅವಳು ಹೋದ ಮೇಲೆ ಬಂದವಳೂ ಲೀಲಾ. ಅವಳಾದ ಮೇಲೆ ಬಂದ ಜೋಸ್ಲೀನಳೂ ಲೀಲಾ. "ವರ್ಷ ಎರಡು ವರ್ಷಕ್ಕೆ ಬದಲಾಗ್ತಾರೆ, ಎಲ್ಲರ ಹೆಸರು ಯಾರು ನೆನಪಿಡೋದು? ಮಕ್ಕಳಿಗೂ ಲೀಲಾ ಅಂದ್ರೇನೇ ರೂಢಿ" ಎಂದು ನನ್ನೆದುರೇ ನಕ್ಕಿದ್ದಳು.

ಜೋಸ್ಲೀನ್ ಓಗೊಡಲಿಲ್ಲ. "ಲೀಲಾ" ಎಂದು ಒಳಗಿಂದ ಕೂಗು ಬಂದರೆ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಲೇ ಇರುತ್ತಿದ್ದಳು. ಹತ್ತಿರ ಬಂದು ಹೇಳಿದರೆ ಕೆಲಸ ಚೊಕ್ಕಟವಾಗಿ ಮಾಡುತ್ತಿದ್ದಳು. ಎದುರುತ್ತರ ಇಲ್ಲ, ಕೆಲಸಗಳ್ಳತನ ಇಲ್ಲ. ಆ ಹೆಸರಿಗೆ ಮಾತ್ರ ತಲೆ ಎತ್ತುತ್ತಿರಲಿಲ್ಲ. ಗೋಡೆ ಈಚೆ ನಾನು ಕಂಡರೆ ಕಣ್ಣು ಮಿಟುಕಿಸಿ, "ಲೀಲಾ ಮಾಫಿ" ಅನ್ನುವಳು. ಲೀಲಾ ಅನ್ನುವವರು ಇಲ್ಲಿ ಯಾರೂ ಇಲ್ಲ, ಅಂತ.

"ಒಂದ್ ಹೆಸರಿಗೆ ಯಾಕಿಷ್ಟು ಹಟ ಹಿಡೀತೀ?" ಎಂದು ಬೈದೆ.

ಆಗ ಅವಳ ಮನೆತನದ ಕತೆ ಹೇಳಿದಳು. ಅವಳ ಹಿರಿಯನನ್ನು ಆಫ್ರಿಕಾದಿಂದ ಹುಡುಗನಿದ್ದಾಗ ಹಡಗಿನಲ್ಲಿ ತಂದು ದ್ವೀಪದಲ್ಲಿ ಮಾರಿದರಂತೆ. ಅವನ ತಾಯಿ ಏನೆಂದು ಕರೆಯುತ್ತಿದ್ದಳೋ ಯಾರಿಗೂ ಗೊತ್ತಿಲ್ಲ. ಹಡಗು ಇಳಿದದ್ದು ಫೆಬ್ರವರಿಯಲ್ಲಿ. ಕಬ್ಬಿನ ತೋಟದ ಫ್ರೆಂಚ್ ಒಡೆಯ ಆ ತಿಂಗಳನ್ನೇ ತನ್ನ ಭಾಷೆಯಲ್ಲಿ ಹುಡುಗನಿಗೆ ಹೆಸರು ಮಾಡಿದ: ಫೆವ್ರಿಯೆ. ಆಮೇಲೆ ಇಂಗ್ಲಿಷರು ಬಂದರು. ಒಡೆಯರು ಬದಲಾದರು, ಕಬ್ಬು ಬದಲಾಗಲಿಲ್ಲ. ಗುಲಾಮರನ್ನು ಬಿಟ್ಟ ಮೇಲೆ ಕಬ್ಬು ಕಡಿಯಲು ನಮ್ಮ ದೇಶದ ಬಡವರನ್ನು ಹಡಗು ತುಂಬಿ ಒಯ್ದರು. ಅದಕ್ಕೇ ಅವಳಿಗೆ ಹಿಂದಿ ಬರುತ್ತಿತ್ತು, ಬೇಳೆ ತುಂಬಿದ ರೊಟ್ಟಿ ಮಾಡಲೂ ಬರುತ್ತಿತ್ತು. ನನ್ನ ಒಲೆಯ ಮೇಲೆ ಮಾಡಿಕೊಟ್ಟಳು. ಬೆಲ್ಲ ಹಾಕದ ಹೋಳಿಗೆ, ಅಷ್ಟೇ.

"ಒಡೆಯ ಇಟ್ಟ ಹೆಸರು. ಒಗದ್ ಬಿಡಬೇಕಿಲ್ಲೊ?" ಅಂದೆ.

"ಯಾಕ ಒಗೀಲಿ? ಆಡೂ ಮಾತು ಅವರದs ಇತ್ತು, ಮುರದು ನಮ್ಮದು ಮಾಡ್ಕೊಂಡ್ವಿ. ಆಡು ಅವರದು ಇತ್ತು, ತೊಗಲು ಸುಲದು ವಾದ್ಯ ಮಾಡಿದ್ವಿ. ಈ ಹೆಸರಿನ್ಯಾಗ ನಮ್ಮೋರು ಎಷ್ಟ ಮಂದಿ ಹುಟ್ಟ್ಯಾರ, ಎಷ್ಟ ಮಂದಿ ಮಣ್ಣಾಗ್ಯಾರ. ಈಗ ಅದು ನಮ್ಮದು. ಒಮ್ಮೆ ಹೆಸರು ಕಳಕೊಂಡಿದ್ದು ಸಾಕು. ಖಲಾಸ್."

ಆ ವಾದ್ಯವನ್ನೂ ತಂದಿದ್ದಳು. ಮೊರದಷ್ಟು ಅಗಲ, ಆಡಿನ ತೊಗಲು. ಶುಕ್ರವಾರ ಮೇಡಂ ಮನೆಯವರು ದೋಹಾಕ್ಕೆ ಹೋದರೆ ಅದನ್ನು ನನ್ನ ಒಲೆಯ ಉರಿಗೆ ಹಿಡಿದು ಕಾಯಿಸುವಳು. ತೊಗಲು ಬಿಗಿಯಾದ ಮೇಲೆ ಹಿತ್ತಿಲಿನಲ್ಲಿ ಬಾರಿಸುವಳು. ಒಂದು ದಿನ ನಾನು, "ನಮ್ಮ ಸಿದ್ದಿ ಮಂದೀದೂ ಹಿಂಗs ಐತಿ. ಡಮಾಮಿ ಅಂತಾರ. ಗುಂಗುರು ಕೂದಲು, ನಿನ್ನ ಹಂಗs ಇರ್ತಾರ" ಅಂದೆ.

ಬಾರಿಸುವ ಕೈ ನಿಂತಿತು. "ನಿನ್ನ ಊರಾಗ? ನಮ್ಮೋರು? ಯಾರು ಒಯ್ದರು?"

"ಹಿಂದಕ ಹಡಗಿನವರು ತಂದು ಮಾರಿದ್ರಂತ. ಈಗ ಅಡವಿ ಅಂಚಿಗೆ ಹೊಲಾ ಮನಿ ಮಾಡ್ಕೊಂಡಾರ."

"ಯಾವ ಮಾತು ಆಡ್ತಾರ?"

"ನಂದs. ಕನ್ನಡ."

"ಹಂಗಾದ್ರ ಕನ್ನಡಾನೂ ಮುರದಾರ" ಎಂದು ಹೊಟ್ಟೆ ಹಿಡಿದು ನಕ್ಕಳು.

ನಗು ಬಹಳ ದಿನ ನಡೆಯಲಿಲ್ಲ. ಸಾಹೇಬರ ಮಗನ ಹುಟ್ಟುಹಬ್ಬ ಬಂತು. ಮೇಡಂ ಕಡ್ಡಿ ಮುರಿದ ಹಾಗೆ ಹೇಳಿದಳು: ನೆಂಟರೆದುರು ಕರೆದಾಗ ಲೀಲಾ ಬರಬೇಕು, ಇಲ್ಲದಿದ್ದರೆ ವಿಮಾನ ಹತ್ತಬೇಕು. ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿತ್ತು. ಊರಲ್ಲಿ ಜೋಸ್ಲೀನಳ ಮನೆಯ ಚಾವಣಿ ಚಂಡಮಾರುತಕ್ಕೆ ಹಾರಿಹೋಗಿತ್ತು. ಹೊಸದು ಹಾಕಿಸಲೆಂದೇ ಅವಳು ಬಂದದ್ದು. ಅದು ಅರ್ಧಕ್ಕೆ ನಿಂತಿತ್ತು.

"ಅತ್ತಿ, ನೀವ ಒಂದ್ ಮಾತು ಹೇಳ್ರಿ ಆಕಿಗೆ" ಎಂದು ಮಹಾಂತೇಶ ಬಂದು ಕುಳಿತ. "ನೀವs ಆಕಿನ್ನ ತಲಿಮ್ಯಾಲೆ ಕೂಡಿಸ್ಕೊಂಡೀರಿ ಅಂತ ಸಾಹೇಬ್ರ ಸಿಟ್ಟು. ನನ್ನ ನೌಕರಿ ರಿನೀವಲ್ ಅವ್ರ ಕೈಯಾಗ ಅದರಿ."

ಹೋಗಿ ಹೇಳಿದೆ. "ಒಂದ್ ದಿನ ಓ ಅಂದ್ ಬಿಡು. ಬಾಯಿ ಸವದು ಹೋಗಂಗಿಲ್ಲ."

ಜೋಸ್ಲೀನ್ ಪಾತ್ರೆ ಒರೆಸುತ್ತಾ ಕೇಳಿದಳು: "ನಿನ್ನ ಹೆಸರೇನು ಅಜ್ಜಿ?"

"ಸುಲೋಚನಾ. ಅದು ಗಂಡನ ಮನ್ಯಾಗ ಅಕ್ಕಿಯೊಳಗ ಬರೆಸಿ ಇಟ್ಟಿದ್ದು. ತವರು ಮನ್ಯಾಗ ಕಲ್ಲವ್ವ."

"ನಿನ್ನ ಕೇಳಿ ಬರೆಸಿದ್ರೇನು?"

"ಯಾರು ಕೇಳ್ತಾರ! ನಮ್ಮಲ್ಲಿ ಅದು ರೂಢಿ."

"ಈಗ ಕಲ್ಲವ್ವ ಅಂತ ಯಾರು ಕರೀತಾರ?"

"ಕರಿಯೋರು ಎಲ್ಲಾ ಸತ್ತಾರ."

ಪಾತ್ರೆ ಕಪಾಟಿಗಿಟ್ಟಳು. ನಾನು ಮನೆಗೆ ಬಂದೆ. ಬಂದು ಒಂದು ತಾಸು ಅಕ್ಕಿ ಆರಿಸಿದೆ, ಅದರಲ್ಲಿ ಒಂದು ಕಲ್ಲೂ ಇರಲಿಲ್ಲ.

ಹುಟ್ಟುಹಬ್ಬದ ಸಂಜೆ ಸಾಲುಮನೆಯವರೆಲ್ಲ ಅಲ್ಲಿದ್ದರು. ಮೇಣದಬತ್ತಿ ಹಚ್ಚಿದ ಕೇಕು ಅಡಿಗೆಮನೆಯಲ್ಲಿ ಜೋಸ್ಲೀನಳ ಕೈಯಲ್ಲಿ. "ಲೀಲಾ, ಕೇಕ್ ತಾ" ಎಂದಳು ಮೇಡಂ. ಯಾರೂ ಬರಲಿಲ್ಲ. ಮತ್ತೆ ಕರೆದಳು, ದನಿ ಏರಿಸಿ. ಬಾಗಿಲ ಸಂದಿಯಲ್ಲಿ ಬತ್ತಿಯ ಬೆಳಕು ಕಾಣುತ್ತಿತ್ತು, ಅಲುಗಲಿಲ್ಲ. ನೆಂಟರು ಮುಖ ಮುಖ ನೋಡಿಕೊಂಡರು. ಹುಡುಗ ಅಳುವುದರಲ್ಲಿದ್ದ. ಸಾಹೇಬರು ಮಹಾಂತೇಶನನ್ನು ನೋಡಿದರು, ಮಹಾಂತೇಶ ನನ್ನನ್ನು ನೋಡಿದ. ಶೋಭಾ ನನ್ನ ಸೆರಗು ಹಿಡಿದು, "ಅವ್ವಾ, ನೀ ಸುಮ್ನ ಕೂಡು" ಅಂದಳು.

ಸೆರಗು ಬಿಡಿಸಿಕೊಂಡು ಎದ್ದೆ. "ಏ ಜೋಸ್ಲೀನ್ ಫೆವ್ರಿಯೆ! ಕೇಕ್ ತಗೊಂಡ್ ಬಾ, ಕೂಸು ಕಾಯಾಕತ್ತೈತಿ!" ಎಂದು ಕೂಗಿದೆ. ಹೊಲದಲ್ಲಿ ಆಳು ಕರೆದು ರೂಢಿಯಾದ ದನಿ, ಆಚೆ ಬೀದಿಗೂ ಕೇಳಿರಬೇಕು.

ಬಂದಳು. ಪಾದ ನೆಲ ಬಿಡದ ಹಾಗೆ, ಒಂದು ಬತ್ತಿಯೂ ಆರದ ಹಾಗೆ ತಂದಿಟ್ಟಳು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆ ವಾರದಲ್ಲೇ ಅವಳ ಟಿಕೆಟ್ ಆಯಿತು. ಮಹಾಂತೇಶನನ್ನು ಮರಳುಗಾಡಿನ ಒಳಗಿನ ಕ್ಯಾಂಪಿಗೆ ಹಾಕಿದರು, ಶುಕ್ರವಾರ ಮಾತ್ರ ಮನೆ. ಶೋಭಾ ನನ್ನೊಡನೆ ಮಾತು ಬಿಟ್ಟಳು. ಬಿಡಲಿ. ಅನ್ನ ನಾನೇ ಬಡಿಸಿಕೊಳ್ಳುತ್ತಿದ್ದೆ.

ಹೊರಡುವ ದಿನ ಗೋಡೆಯ ಹತ್ತಿರ ಕೇಳಿದೆ: "ಚಾವಣಿ ಗತಿ ಏನು?"

"ಅಡಿಗಿಮನಿ ಮ್ಯಾಲೆ ಬಂದದ. ಮಳಿ ಬಂದ್ರ ಎಲ್ಲಾರೂ ಅಲ್ಲೇ ಕೂಡ್ತೀವಿ" ಅಂದಳು. ಸಿಟ್ಟಿತ್ತೋ ಏನೋ, ಮುಖದಲ್ಲಿ ಕಾಣಲಿಲ್ಲ. ಡ್ರೈವರ್ "ಯಲ್ಲಾ, ಯಲ್ಲಾ" ಎಂದು ಅವಸರ ಮಾಡಿದ. ಕಾರು ಹತ್ತಿ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡಳು. ನಾನು ಒಳಗೆ ನಡೆದೆ. ಕೈ ಬೀಸುತ್ತಾ ನಿಲ್ಲುವವಳು ನಾನಲ್ಲ.

ಹೊಸ್ತಿಲು ದಾಟುವಾಗ ಹಿಂದಿನಿಂದ ಕೂಗು ಬಂತು. ಕಾರು ಆಗಲೇ ತಿರುವಿನಲ್ಲಿತ್ತು, ಕಿಟಕಿಯಿಂದ ಅರ್ಧ ಮೈ ಹೊರಗಿತ್ತು.

"ಕಲ್ಲವ್ವಾ!"

"ಓ" ಅಂದೆ.