ಹಡಗಿನಲ್ಲಿ ಅತ್ತೆಯನ್ನು ಹುಡುಕಿದ್ದು

ಅರವತ್ತರ ದಶಕದ ಆರಂಭದಲ್ಲಿ ನಾನು ಅತ್ತೆ ಮಾವನ ಜೊತೆ ಹಜ್ ಯಾತ್ರೆಗೆ ಹೋದೆ. ಆಗ ನನಗೆ ಇಪ್ಪತ್ತು ದಾಟಿತ್ತು ಅಷ್ಟೆ. ಅತ್ತೆಗೆ ಮೊಣಕಾಲು ನೋವು, ಕಣ್ಣೂ ಮಂಜು. ಕೈ ಹಿಡಿದು ನಡೆಸಲು ಒಬ್ಬರು ಬೇಕೇ ಬೇಕಿತ್ತು. ಯಂಕಂಚಿಯಲ್ಲಿ ಹೊಲಮನೆ ನೋಡಿಕೊಂಡು ನನ್ನ ಗಂಡ ಉಳಿದರು, ಹೊರಟವಳು ನಾನು.

ಅಲ್ಲಿಯವರೆಗೆ ನಾನು ಕಂಡ ದೊಡ್ಡ ಊರೆಂದರೆ ಸಿಂದಗಿ. ಇಂಡಿ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ಮುಂಬೈ ಮುಟ್ಟಿದೆವು. ಬಂದರಿಗೆ ಹೋದಾಗ ಎದುರಿಗೆ ಕಿಟಕಿಗಳಿದ್ದ ಎತ್ತರದ ಕಬ್ಬಿಣದ ಗೋಡೆಯೊಂದು ನಿಂತಿತ್ತು.

"ಅತ್ತೀ, ಜಹಾಜ ಎಲ್ಲೈತ್ರಿ?" ಎಂದು ಅತ್ತೆಯ ಕಿವಿಯಲ್ಲಿ ಕೇಳಿದೆ. ಮಾವನೊಡನೆ ನಾನು ನೇರವಾಗಿ ಮಾತಾಡುತ್ತಿರಲಿಲ್ಲ. ಅತ್ತೆಯ ಎದುರು ಮಾತಾಡಿದರೂ ಅದು ಪಿಸುಮಾತಿಗಿಂತ ತುಸು ಜೋರು, ಅಷ್ಟೇ. ಅತ್ತೆ ಆ ಪ್ರಶ್ನೆಯನ್ನು ಮಾವನಿಗೆ ಮುಟ್ಟಿಸಿದರು.

"ಕಣ್ಣ ಮುಂದ ಐತಲ್ಲ, ಇದೇ ಜಹಾಜ" ಎಂದು ಮಾವ ಅತ್ತೆಗೆ ಹೇಳುತ್ತ ಆ ಗೋಡೆಯತ್ತ ಕೈ ಮಾಡಿದರು.

ನಮಗೆ ಸಿಕ್ಕಿದ್ದು ಕೆಳಗಿನ ಅಂತಸ್ತು. ಸಾಲುಸಾಲಾಗಿ ಕಬ್ಬಿಣದ ಮಂಚಗಳು, ಒಂದರ ಮೇಲೊಂದು. ಹೆಂಗಸರು ಒಂದು ಕಡೆ, ಗಂಡಸರು ಇನ್ನೊಂದು ಕಡೆ. ಎಲ್ಲ ಮೆಟ್ಟಿಲೂ ಒಂದೇ ಥರ, ಎಲ್ಲ ಬಾಗಿಲಿಗೂ ಒಂದೇ ಬಿಳಿ ಬಣ್ಣ. ಗೋಡೆಯ ಮೇಲಿನ ಬರಹವೆಲ್ಲ ಇಂಗ್ಲಿಷು, ಉರ್ದು. ನನಗೆ ಓದಲು ಬರುತ್ತಿದ್ದದ್ದು ಕನ್ನಡ ಮಾತ್ರ.

ಹಡಗು ಬಿಟ್ಟ ದಿನವೇ ನೀರು ತರಲು ಹೋಗಿ ದಾರಿ ತಪ್ಪಿದೆ. ಒಂದು ಮೆಟ್ಟಿಲು ಹತ್ತಿದರೆ ಅಡುಗೆ ಕೋಣೆ ಬಂತು, ಇನ್ನೊಂದು ಇಳಿದರೆ ಇಂಜಿನ್ನಿನ ಗದ್ದಲ. ಕೇಳಿದವರೆಲ್ಲ ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ದಾರಿ ಹೇಳಿದರು. ಮಲಬಾರಿನ ಒಬ್ಬ ಅಜ್ಜಿಯಂತೂ ಅಕ್ಕರೆಯಿಂದ ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ, ಪಾಯಖಾನೆಯ ಬಾಗಿಲಿಗೆ ಬಿಟ್ಟುಬಂದಳು. ತುಂಬಿದ ಕೊಡ ಕಂಕುಳಲ್ಲಿಟ್ಟುಕೊಂಡು ಗೋಡೆಗೆ ಒರಗಿ ಅಳತೊಡಗಿದೆ. ಅಷ್ಟರಲ್ಲಿ ಪಕ್ಕದಿಂದ ಒಬ್ಬ ಹೆಂಗಸಿನ ದನಿ ಬಂತು.

"ಹಾದಿ ಬಿಡ್ರೆವ್ವಾ, ಚಾ ಚೆಲ್ಲತೈತಿ!"

ನಮ್ಮ ಕಡೆಯ ಆ ಮಾತು ಕೇಳಿದ್ದೇ ತಡ, ನಾನು ಅವಳ ತೋಳು ಹಿಡಿದುಕೊಂಡುಬಿಟ್ಟೆ. ಚಹಾ ಚೆಲ್ಲಿಯೇ ಹೋಯಿತು. ಅವಳು ಕೊಲ್ಹಾರದವಳು, ಮಣ್ಣಿನ ಗಡಿಗೆಯಲ್ಲಿ ಮೊಸರು ಮಾರುತ್ತ ಸುತ್ತಿನ ಹಳ್ಳಿಯೆಲ್ಲ ತಿರುಗಿದ ಗಟ್ಟಿ ಹೆಂಗಸು. ಗಂಡನ ಜೊತೆ ಬಂದಿದ್ದಳು.

"ಯಾಕ ಅಳತಿ ತಂಗಿ? ನಾನೂ ಮುಂಜಾನಿಂದ ತಿರಗಾಕತ್ತೇನಿ, ನನ್ನ ಮಂಚ ಸಿಕ್ಕಿಲ್ಲ. ಬಾ, ಇಬ್ಬರೂ ಕೂಡೇ ದಾರಿ ತಪ್ಪೂಣು" ಎಂದಳು.

ಇಬ್ಬರೂ ಕೂಡಿಯೇ ತಿರುಗಿದೆವು. ಇಂಜಿನ್ನಿನ ಸದ್ದು ಜೋರಾದರೆ ಹಡಗಿನ ಹಿಂಬದಿಗೆ ಹೋಗುತ್ತಿದ್ದೇವೆಂದು ಅರ್ಥ, ಉಳ್ಳಾಗಡ್ಡಿ ಹುರಿದ ವಾಸನೆ ಬಂದರೆ ನಡುಮಧ್ಯ. ಉಸುಕು ತುಂಬಿದ ಕೆಂಪು ಬಕೆಟ್ಟುಗಳನ್ನು ತೂಗುಹಾಕಿದ ಮೆಟ್ಟಿಲೇ ನಮ್ಮ ಮಂಚಗಳಿಗೆ ಇಳಿಯುವ ಮೆಟ್ಟಿಲು. ಮರುದಿನ ಸಂಜೆಯ ಹೊತ್ತಿಗೆ ನಾವು ಯಾರನ್ನೂ ಕೇಳದೆ ತಿರುಗಾಡುತ್ತಿದ್ದೆವು.

ಆಮೇಲೊಂದು ದಿನ ಮಧ್ಯಾಹ್ನ ನಾನು ಬಟ್ಟೆ ಒಗೆದು ಬರುವಷ್ಟರಲ್ಲಿ ಅತ್ತೆಯ ಮಂಚ ಖಾಲಿಯಾಗಿತ್ತು. ನಮಾಜಿಗೆ ಕೈಕಾಲು ತೊಳೆಯಲು ಒಬ್ಬರೇ ಎದ್ದು ಹೋದರೆಂದು ಪಕ್ಕದ ಮಂಚದವಳು ಕೈಸನ್ನೆಯಲ್ಲಿ ತಿಳಿಸಿದಳು. ನಲ್ಲಿಯ ಹತ್ತಿರ ಇರಲಿಲ್ಲ. ಅಡುಗೆ ಕೋಣೆಯ ಕಡೆ ಇರಲಿಲ್ಲ. ಅತ್ತೆಗೆ ಕನ್ನಡ ಬಿಟ್ಟರೆ ಬೇರೆ ಮಾತು ಬಾರದು, ಕಣ್ಣು ಕಾಣದು. ಮೇಲಿನ ಅಂತಸ್ತಿನ ಅಂಚಿಗೆ ಕಬ್ಬಿಣದ ಕಟಕಟೆ, ಅದರಾಚೆ ಸಮುದ್ರ. ಓಡಿಹೋಗಿ, ಕೊಲ್ಹಾರದವಳ ಬಾಯಿಂದ ಹೇಳಿಸಿ ಮಾವನನ್ನು ಕರೆತಂದೆ.

ಹಡಗಿನ ಅಧಿಕಾರಿಯೊಬ್ಬ ನಮ್ಮನ್ನು ಮೇಲಿನ ಕೋಣೆಗೆ ಕರೆದೊಯ್ದು ಧ್ವನಿವರ್ಧಕದಲ್ಲಿ ಹಿಂದಿಯಲ್ಲಿ ಸಾರಿದ. ಎಷ್ಟು ಹೊತ್ತಾದರೂ ಯಾರೂ ಬರಲಿಲ್ಲ. ಅತ್ತೆಗೆ ಅದು ತಿಳಿಯುವುದಿಲ್ಲ ಎಂದು ಮಾವ ತಮಗೆ ಬರುತ್ತಿದ್ದ ಅರ್ಧಂಬರ್ಧ ಉರ್ದುವಿನಲ್ಲಿ ಹೇಳಿದರು. ಹಾಗಾದರೆ ನೀವೇ ಮಾತಾಡಿ ಎಂದು ಅವನು ಮೈಕನ್ನು ಮಾವನ ಬಾಯಿಯ ಹತ್ತಿರ ತಂದ. ಮಾವ ಬಾಯಿ ತೆರೆದರು. ಮರುಕ್ಷಣ ಮೈಕನ್ನು ಪಕ್ಕಕ್ಕೆ ಸರಿಸಿದರು. ಕಣ್ಣಲ್ಲಿ ನೀರು ತುಂಬಿತ್ತು. ನನ್ನ ಕಡೆ ತಿರುಗಿ, "ನೀ ಹೇಳವ್ವಾ" ಎಂದರು. ಮದುವೆಯಾದಾಗಿನಿಂದ ಅವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

ನಾನು ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತೆ.

"ಅತ್ತೀ, ನಾನ್ರಿ, ನಿಮ್ಮ ಸೊಸಿ. ಅಂಜಬ್ಯಾಡ್ರಿ. ಎಲ್ಲಿ ಅದೀರಿ ಅಲ್ಲೇ ಕುಂದರ್ರಿ, ಏಳಬ್ಯಾಡ್ರಿ. ನಾ ಬಂದು ಕರಕೊಂಡು ಹೋಗತೇನಿ. ನಮ್ಮ ಮಾತು ತಿಳಿಯೋರು ಯಾರರ ಇದ್ರ, ನಮ್ಮತ್ತಿನ್ನ ನೋಡ್ರಿ. ಹಸರ ಇಳಕಲ್ ಸೀರಿ ಉಟ್ಟಾರ."

ನನ್ನ ದನಿ ಇಡೀ ಹಡಗಿನಲ್ಲಿ ಮೊಳಗಿ ಹೊರಗಿನಿಂದ ನನಗೇ ಕೇಳಿಸಿತು. ಮತ್ತೊಮ್ಮೆ, ಇನ್ನೂ ಜೋರಾಗಿ ಹೇಳಿದೆ.

ಸ್ವಲ್ಪ ಹೊತ್ತಿನಲ್ಲಿ ಒಬ್ಬ ಗಂಡಸು ಏದುಸಿರು ಬಿಡುತ್ತ ಬಾಗಿಲಿಗೆ ಬಂದ.

"ನಾವು ಬಾಗೇವಾಡಿಯವ್ರರಿ. ನಿಮ್ಮತ್ತಿ ಸಿಕ್ಕಾರ. ಆದ್ರ ನೀವೇ ಬರಬೇಕು, ಅವರು ಏಳವಲ್ಲರು!"

ಹೋಗಿ ನೋಡಿದರೆ, ಅತ್ತೆ ಮೇಲಿನ ಅಂತಸ್ತಿನ ಮೆಟ್ಟಿಲ ನಟ್ಟನಡುವೆ ಕುಳಿತಿದ್ದರು. ಮೇಲೆ ಹೋಗುವವರು ಮೇಲೆ, ಕೆಳಗೆ ಬರುವವರು ಕೆಳಗೆ ಗುಂಪಾಗಿ ನಿಂತಿದ್ದರು. ಬಾಗೇವಾಡಿಯವನ ಹೆಂಡತಿ ಪಕ್ಕದಲ್ಲಿ ಕುಳಿತು ಬೇಡಿಕೊಳ್ಳುತ್ತಿದ್ದಳು.

"ಸೊಸಿ ಕುಂದ್ರು ಅಂದಾಳ. ಅಕಿ ಬರೂತನಾ ಏಳೂದಿಲ್ಲ" ಎನ್ನುತ್ತಿದ್ದರು ಅತ್ತೆ.

ನಾನು ಹೋಗಿ ಕೈ ಹಿಡಿದೆ. ಮಂದಿಯ ಮುಂದೆ ಕೂಗಿದ್ದಕ್ಕೆ ಬೈಯುತ್ತಾರೆಂದೇ ಅಂದುಕೊಂಡಿದ್ದೆ. ಅವರು ನನ್ನ ಮುಖ ತಡವಿ ನೋಡಿದರು.

"ಎಷ್ಟ ಚಂದ ಕೇಳಸ್ತಲ್ಲ ನಿನ್ನ ದನಿ! ಮನ್ಯಾಗ ಯಾಕ ಹಂಗ ಮಾತಾಡೂದಿಲ್ಲ?"

ಮಾವ ನಕ್ಕರು. ನಾನು ಅತ್ತುಬಿಟ್ಟೆ.

ಆ ಸಂಜೆ ನಮ್ಮ ಮಂಚದ ಸುತ್ತ ಸಣ್ಣ ಸಂತೆಯೇ ನೆರೆಯಿತು. ಮೈಕಿನಲ್ಲಿ ಮಾತಾಡಿದವಳು ಯಾರೆಂದು ನೋಡಲು ಮುದ್ದೇಬಿಹಾಳದ ಅಣ್ಣತಮ್ಮಂದಿರು ಬಂದರು, ಇಂಡಿಯ ಒಬ್ಬ ಮುದುಕ ಬಂದ. ಕೊಲ್ಹಾರದವಳು ಎಲ್ಲರಿಗೂ ಚಹಾ ತಂದಳು. ಇಷ್ಟು ಜನ ನಮ್ಮವರು ಅದೇ ಹಡಗಿನಲ್ಲಿ ಇದ್ದರೂ ಒಬ್ಬರಿಗೊಬ್ಬರು ಗೊತ್ತೇ ಇರಲಿಲ್ಲ. ಶೇಂಗಾ ಚಟ್ನಿ, ಖಡಕ್ ರೊಟ್ಟಿಯ ಗಂಟುಗಳು ಬಿಚ್ಚಿಕೊಂಡವು.

ಅಂದಿನಿಂದ ಅತ್ತೆ ದಿನಾಲೂ ಮೇಲೆ ಹೋಗಬೇಕೆನ್ನುತ್ತಿದ್ದರು. ಕಟಕಟೆ ಹಿಡಿದು ನಿಂತು, "ಏನ ಕಾಣತೈತಿ, ಜೋರಾಗಿ ಹೇಳು" ಎನ್ನುತ್ತಿದ್ದರು. ನೀರಿನ ಬಣ್ಣ, ಹಾರಿ ಬೀಳುವ ಮೀನು, ದೂರದ ಇನ್ನೊಂದು ಹಡಗಿನ ಹೊಗೆ, ಎಲ್ಲವನ್ನೂ ಗಾಳಿಯ ಸದ್ದಿಗಿಂತ ಮೇಲೆ ದನಿ ಎತ್ತಿ ಹೇಳುತ್ತಿದ್ದೆ.

ಜಿದ್ದಾ ಬಂದರು ಕಂಡ ಬೆಳಿಗ್ಗೆ ಎಲ್ಲರೂ ಗಂಟುಮೂಟೆ ಹೊತ್ತು ನಿಂತರು. ಎತ್ತ ನೋಡಿದರೂ ನೂಕುನುಗ್ಗಲು. ಮಾವ ನನ್ನತ್ತ ನೋಡಿ, "ಯಾ ಕಡೆ ಹೋಗೂದವ್ವಾ?" ಎಂದು ಕೇಳಿದರು.

"ಈ ಕಡೆ ಬರ್ರಿ ಮಾವಾ" ಎಂದೆ. ಅತ್ತೆ ನನ್ನ ಭುಜದ ಮೇಲೆ ಕೈಯಿಟ್ಟರು. ನಾನು ಮುಂದೆ ನಡೆದೆ, ನಮ್ಮ ಕಡೆಯವರೆಲ್ಲ ಹಿಂದೆ ಬಂದರು.