ಬೀಗ ತೆಗೆಯುವ ಮೊದಲು ಹುಳ ವಿಚಾರಿಸುವ ಮಾಯಮ್ಮ

ಬೆಳಗಿನ ಐದೂವರೆ. ಕೈಲಾಂಚದ ಪಕ್ಕದ ಈ ಹಳ್ಳಿಯಲ್ಲಿ ಹಾಲಿನ ಡೇರಿಗಿಂತ ಮೊದಲು ಬಾಗಿಲು ತೆರೆಯುವುದು ಸಮುದಾಯ ಭವನ. ಭವನ ನೋಡಿಕೊಳ್ಳುವ ಮಾಯಮ್ಮ ಸೊಂಟದ ಬೀಗದ ಕೈ ತೆಗೆದು ಕದ ತಳ್ಳುತ್ತಾರೆ. ಮೊನ್ನೆಯ ನಾಮಕರಣದ ಅಕ್ಷತೆ ಗುಡಿಸಿ, ಮತ್ತೆ ಬೀಗ ಹಾಕಿ, ಬೇರೆ ಯಾರಿಗೂ ಅದನ್ನು ತೆಗೆಯುವ ಮೊದಲು ಎದುರು ಸಾಲಿಗೆ ನಡೆಯುತ್ತಾರೆ.

ಹತ್ತೊಂಬತ್ತು ಮನೆ, ಹತ್ತೊಂಬತ್ತು ಹೊಸಿಲು. ರೇಷ್ಮೆ ಹುಳ ಇರುವ ಮನೆಯೊಳಗೆ ಹೊರಗಿನವರು ಕಾಲಿಡುವಂತಿಲ್ಲ. ಹೊಸಿಲಾಚೆ ನಿಂತು ಮಾಯಮ್ಮ ಕೇಳುವುದು ಒಂದೇ: ಹುಳಕ್ಕೆ ಎಷ್ಟನೇ ಜ್ವರ? ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳ ವಾರದಲ್ಲಿ ಹಣ್ಣಾಗಿ ಗೂಡು ಕಟ್ಟುತ್ತದೆ.

"ನಾಲ್ಕನೇ ಜ್ವರ ಎದ್ದು ಐದು ದಿನ ಆಯ್ತು ಕಣಕ್ಕ. ಇವತ್ತೋ ನಾಳೆಯೋ ಹಣ್ಣಾಯ್ತವೆ," ಎನ್ನುತ್ತಾರೆ ಮೊದಲ ಮನೆಯ ಕೆಂಪಯ್ಯ.

ಆ ಮಾತು ಇವತ್ತು ಮುಖ್ಯ. ಭಾನುವಾರ ಭವನಕ್ಕೆ ಇಪ್ಪತ್ತು ವರ್ಷ. ಪಂಚಾಯ್ತಿ ಸದಸ್ಯ ಸಿದ್ದರಾಮು, ರಾಮನಗರದ ಪೇಂಟರ್ ಸಾದಿಕ್‌ನನ್ನು ಬಣ್ಣದ ಡಬ್ಬಗಳ ಸಮೇತ ಕರೆಸಿದ್ದಾರೆ.

ಈ ಜಾಗ ಮೊದಲು ಊರಿನ ರಾಗಿ ಕಣ. ಪಾಯಕ್ಕೆ ಮನೆಗೊಂದು ಗಾಡಿ ಕಲ್ಲು ಬಂತು. ಗೋಡೆ ಎದ್ದ ಮೇಲೆ ನಾಲ್ಕು ವರ್ಷ ಸೂರಿಲ್ಲದೆ, ಕುರಿಗಳಿಗೇ ಭವನವಾಗಿತ್ತು. ಕೊನೆಗೆ ಉದ್ಘಾಟನೆಯ ಹಿಂದಿನ ದಿನ ಬಣ್ಣದವರು ಬಂದರು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಮಾಯಮ್ಮ ಸಂಭ್ರಮದಲ್ಲಿ ಕದ ತೆಗೆದರು. ಎದುರು ಮನೆಗಳಲ್ಲಿ ಹುಳ ಹಣ್ಣಾಗುವ ಹೊತ್ತೆಂದು ಹುಳ ಸಾಕುವ ಊರಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಆಯಿಲ್ ಪೇಂಟಿನ ಘಾಟಿಗೆ ಹನ್ನೊಂದು ಮನೆಯ ಹುಳ ಕೆಟ್ಟವು. ಕೆಂಪಯ್ಯನವರ ತಾಯಿ ದೊಡ್ಡಲಕ್ಷ್ಮಮ್ಮ ಸತ್ತ ಹುಳವನ್ನು ಮಂಕರಿಯಲ್ಲಿ ತುಂಬಿ ತಿಪ್ಪೆಗೆ ಸುರಿದು, ಕೈ ತೊಳೆದುಕೊಂಡು ಬಂದು, ಉದ್ಘಾಟನೆಯ ಪಂಕ್ತಿಯಲ್ಲಿ ಪಾಯಸ ಬಡಿಸಿದರು.

"ಬೈದಿದ್ರೆ ಮರ್ತೋಗ್ತಿತ್ತು. ಯಾರೂ ಬೈನಿಲ್ಲ," ಎನ್ನುತ್ತಾರೆ ಮಾಯಮ್ಮ. ಅಂದಿನಿಂದ ಹೊಸಿಲು ತಿರುಗದ ಬೆಳಗಿಲ್ಲ. ಬಣ್ಣವಿರಲಿ, ಸೊಳ್ಳೆ ಔಷಧಿ ಇರಲಿ, ಎದುರು ಸಾಲು ಒಪ್ಪಿದ ಮೇಲೆಯೇ ಕೆಲಸದವರಿಗೆ ಬೀಗ ತೆಗೆಯುತ್ತಾರೆ.

ಸಿದ್ದರಾಮು ಎಂಟು ಗಂಟೆಗೆ ಬಂದು ಬೀಗದ ಕೈ ಕೇಳುತ್ತಾರೆ. ಭಾನುವಾರ ದೊಡ್ಡವರೆಲ್ಲ ಬರುತ್ತಾರೆ, ಮಾಸಿದ ಗೋಡೆ ತೋರಿಸಲಾಗುವುದಿಲ್ಲ ಎಂಬುದು ಅವರ ವಾದ. ಕೊಡದಿದ್ದರೆ ಈ ಕೆಲಸಕ್ಕೆ ಬೇರೆಯವರನ್ನು ನೋಡಬೇಕಾದೀತು ಎಂದೂ ಸೇರಿಸುತ್ತಾರೆ.

"ಭವನ ಏನು ನಿಂದಾ ಮಾಯಕ್ಕ?"

"ಊರಿಂದು ಕಣಪ್ಪ. ಊರು ಎದುರ್ಗೇ ಐತೆ, ಕೇಳ್ಕೊಂಡ್ ಬಾ. ಬಣ್ಣ ಮುಂದಿನ್ ವಾರನೂ ಬಳೀಬೋದು. ಹಣ್ಣಾದ್ ಹುಳ ಒಂದಿನನೂ ಕಾಯಾಕಿಲ್ಲ."

ಸಿದ್ದರಾಮು ಸಾದಿಕ್ ಕಡೆ ನೋಡುತ್ತಾರೆ. ಸಾದಿಕ್ ಆಗಲೇ ಡಬ್ಬಗಳನ್ನು ಆಟೋಗೆ ಏರಿಸುತ್ತಿದ್ದಾನೆ. ಅವನ ತಾಯಿ ಶರ್ಫುನ್ನೀಸಾ ರಾಮನಗರದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವವರು. "ಇಲ್ಲಿ ಹುಳ ಕೆಟ್ರೆ ಅಮ್ಮ ನಂಗೂ ಊಟ ಹಾಕಲ್ಲ ಅಣ್ಣ," ಎಂದು ನಗುತ್ತಾನೆ.

ಭಾನುವಾರ ಕಾರ್ಯಕ್ರಮ ಮಾಸಿದ ಗೋಡೆಗಳ ನಡುವೆಯೇ ನಡೆಯುತ್ತದೆ. ಎದುರು ಜಗಲಿಗಳ ಮೇಲೆ ಒರಗಿಸಿದ, ಹಣ್ಣಾದ ಹುಳ ಬಿಡುವ ಬಿದಿರಿನ ಚಂದ್ರಿಕೆ ತಟ್ಟಿಗಳ ತುಂಬ ಹಳದಿ ಗೂಡು. ಬಂದ ದೊಡ್ಡವರು ಗೋಡೆ ಬಿಟ್ಟು ಅದನ್ನೇ ನೋಡುತ್ತಾರೆ. ಕೆಲಸದ ಮಾತನ್ನು ಸಿದ್ದರಾಮು ಮತ್ತೆ ಎತ್ತುವುದಿಲ್ಲ.

ವೇದಿಕೆಗೆ ಕರೆದರೂ ಮಾಯಮ್ಮ ಬಾಗಿಲು ಬಿಟ್ಟು ಕದಲುವುದಿಲ್ಲ. ಏನಾದರೂ ಆಸೆ ಇದೆಯೇ ಎಂದರೆ ಸೊಂಟದ ಬೀಗದ ಕೈ ಮುಟ್ಟಿಕೊಳ್ಳುತ್ತಾರೆ.

"ನನ್ ಕೈಲಿ ಆಗ್ದೇ ಹೋದಾಗ ಇದನ್ನ ಯಾರ್ಗಾದ್ರೂ ಕೊಡ್ಲಿ. ಕದ ತೆಗ್ಯೋಕ್ ಮುಂಚೆ ಎದುರ್ ಮನೆ ಹೊಸಿಲಿಗೆ ಹೋಗೋರ್ಗೆ ಕೊಡ್ಲಿ, ಅಷ್ಟೇಯ."