ಮತ್ತೆ ಕೇಳಬೇಡ ಎಂದಿದ್ದು ನಾನೇ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಪ್ಪು ನನ್ನದು. ಬೈಯುವವರು ಇಲ್ಲಿಂದಲೇ ಶುರುಮಾಡಬಹುದು.

ಗಂಗಾವತಿಯಲ್ಲಿ ನಮ್ಮದೊಂದು ಪುಟ್ಟ ಸಾಫ್ಟ್‌ವೇರ್ ಆಫೀಸು. ಹುಣ್ಣಿಮೆಗೆ ಹುಲಿಗಿಯ ಅಮ್ಮನ ಗುಡಿಗೆ ಹೋಗುವವರಿಗಾಗಿ ಬಸ್ಸಿನ ಆ್ಯಪ್ ಮಾಡುತ್ತಿದ್ದೇವೆ. ಅದರ ಯಾವ ಫೈಲಿನಲ್ಲಿ ಈಗ ಏನಿದೆ, ಅದನ್ನು ಯಾರು ಯಾವಾಗ ತಿದ್ದಿದರು ಎಂಬುದೆಲ್ಲ ಒಂದು ವೆಬ್ ಪುಟದಲ್ಲಿ ಕಾಣುತ್ತದೆ. ಅದು ನಿಧಾನ ಎಂದು ಮಾಲೀಕರು ದಿನಾ ಗೊಣಗುತ್ತಿದ್ದರು. (ಆ ಗೊಣಗಾಟವನ್ನು ನಾನು ಅವರಿಗಿಂತ ಚೆನ್ನಾಗಿ ಮಾಡಬಲ್ಲೆ.) ನಾನು ಶಾಣ್ಯಾ ತಾನೇ? ಸರ್ವರ್ ಪ್ರತಿ ಪುಟದ ಜೊತೆ ಬ್ರೌಸರಿಗೆ ಕಳಿಸುವ ಸೂಚನೆಗೆ, ಅಂದರೆ ಕ್ಯಾಶ್ ಹೆಡರಿಗೆ, ಒಂದು ಸಾಲು ಸೇರಿಸಿದೆ. ಅದು ಬ್ರೌಸರಿಗೆ ಹೇಳುವುದಿಷ್ಟು: ಒಮ್ಮೆ ನೋಡಿದ ಪುಟವನ್ನು ಒಂದು ದಿನ ಮತ್ತೆ ಕೇಳಬೇಡ, ನಿನ್ನ ಹತ್ತಿರ ಇದ್ದದ್ದನ್ನೇ ತೋರಿಸು.

ಪುಟ ಕುದುರೆಯಂತೆ ಓಡಿತು. ಶಭಾಶ್ ಎನಿಸಿಕೊಂಡೆ.

ಮರುದಿನ ಬೆಳಿಗ್ಗೆ ಮಾಲೀಕರು ಪುಟ ನೋಡಿದರು. ಕೊನೆಯ ಬಸ್ಸಿನ ವೇಳೆ ತಪ್ಪಾಗಿತ್ತು. ತಿದ್ದಲು, ನಮ್ಮಲ್ಲಿ ಹೊಸದಾಗಿ ಸೇರಿದ್ದ ಶಬಾನಾ ಅಕ್ಕನಿಗೆ ಹೇಳಿದರು. ಆಕೆ ಅರ್ಧ ತಾಸಿನಲ್ಲಿ ತಿದ್ದಿದಳು. ಮಧ್ಯಾಹ್ನ ನೋಡಿದರೆ ಅವರ ಪರದೆಯ ಮೇಲೆ ಅದೇ ಹಳೆಯ ವೇಳೆ. ಸುಳ್ಳು ಹೇಳುತ್ತೀ ಎಂದು ರೇಗಿದರು. ಆರು ತಿಂಗಳ ಟ್ರಯಲ್ ಮುಗಿದು ಅವಳ ಕೆಲಸ ಕಾಯಂ ಆಗಬೇಕಿದ್ದ ವಾರ ಅದು. ತಪ್ಪಾಯಿತೆಂದು ಬರೆದುಕೊಡು, ಇಲ್ಲವಾದರೆ ನಾಳೆಯಿಂದ ಬರಬೇಡ ಎಂದರು.

ನಾನೇನು ಮಾಡಿದೆ? ಅವಳು ಕಣ್ಣರಳಿಸಿ ‘ಮಾಡೀನ್ರಿ ಸರ್’ ಎಂದದ್ದನ್ನು ಅಣಕಿಸಿ ನಾಲ್ಕು ಜನರನ್ನು ನಗಿಸಿದೆ.

ಅವಳು ನಗಲಿಲ್ಲ. ಅಳಲೂ ಇಲ್ಲ.

“ಮಾಡಿದ ಕೆಲಸ ಮಾಡಿಲ್ಲಂತ ನಾ ಬರ್ಯಂಗಿಲ್ರಿ” ಎಂದವಳೇ ನನ್ನ ಮೇಜಿನ ಮೇಲಿದ್ದ ಫೋನ್ ಎತ್ತಿಕೊಂಡಳು. ಹಿಂದಿನ ಸಂಜೆಯಷ್ಟೇ ತಂದಿದ್ದ ಹೊಸ ಫೋನು, ಆ ಪುಟದ ಮುಖವನ್ನೇ ಕಂಡಿರಲಿಲ್ಲ. “ಇದ್ರಾಗ ತೆಗಿ ತಮ್ಮಾ.” ತೆಗೆದೆ. ಸರಿಯಾದ ವೇಳೆ. ಪಕ್ಕದಲ್ಲೇ ಅವಳ ಹೆಸರು, ತಿದ್ದಿದ ಗಳಿಗೆ ಸಮೇತ.

ಆಗ ನೆನಪಾಯಿತು ನನ್ನ ಆ ಒಂದು ಸಾಲು. ಮಾಲೀಕರ ಬ್ರೌಸರ್ ಬೆಳಿಗ್ಗೆ ಇಟ್ಟುಕೊಂಡ ಪುಟವನ್ನೇ ತೋರಿಸುತ್ತಿತ್ತು. ಎಲ್ಲರೆದುರು ಒಪ್ಪಿಕೊಂಡೆ. (ಆಗ ನನ್ನ ಮುಖ ಹೇಗಿತ್ತೆಂದು ಈಗ ಆಫೀಸಿನ ಎಲ್ಲರೂ ಮಾಡಿ ತೋರಿಸುತ್ತಾರೆ.)

ಹಳೆಯ ತಿದ್ದುಪಡಿಯ ಪುಟ ಎಂದೂ ಬದಲಾಗುವುದಿಲ್ಲ, ಅದನ್ನು ಬ್ರೌಸರ್ ವರ್ಷಗಟ್ಟಲೆ ಇಟ್ಟುಕೊಳ್ಳಲಿ. ‘ಈಗಿನದು’ ಎಂಬ ಪುಟವನ್ನೂ ಹಾಗೇ ಇಟ್ಟುಕೊಂಡರೆ ಹೇಗೆ? ಆದರೆ ಮನುಷ್ಯರ ವಿಷಯದಲ್ಲಿ ನಾವು ಮಾಡುವುದೂ ಅದನ್ನೇ ಅಲ್ಲವೇ? ಬಂದ ಮೊದಲ ದಿನ ಒಮ್ಮೆ ನೋಡಿ, ಇವಳು ಇಷ್ಟೇ ಎಂದು ಇಟ್ಟುಕೊಂಡುಬಿಡುತ್ತೇವೆ.

ಮಾಲೀಕರು ಕೆಮ್ಮಿದರು. ಮಷಿನ್ ತಪ್ಪು, ಇಲ್ಲಿಗೇ ಬಿಡೋಣ ಎಂದರು.

ಶಬಾನಾ ಅಕ್ಕ ಫೋನನ್ನು ಮೇಜಿನ ಮೇಲಿಟ್ಟು ಹೇಳಿದಳು: “ಕೇಳಬ್ಯಾಡ ಅಂತ ಮಷಿನ್‌ಗೆ ಇಂವ ಹೇಳ್ಯಾನ್ರಿ ಸರ್. ನಿಮಗ ಯಾರು ಹೇಳಿದ್ರು?”